ಬೆತ್ ಅಜ್ಜಿಯ ಹಿತ್ತಾಳೆ ಬಿಲ್ಲೆ

ಇವತ್ತು ಬೆಳಗ್ಗೆ ಹುಣಸೆಹಣ್ಣು ಹಚ್ಚಿ ಮೂರು ಹಿತ್ತಾಳೆ ಬಿಲ್ಲೆ ತಿಕ್ಕುತ್ತ ಕೂತಿದ್ದೆ. ಕೈಯೆಲ್ಲ ಹುಳಿ ವಾಸನೆ. ಯಾವ ಹಬ್ಬ ಎಂದು ಕೇಳಬೇಡಿ. ಮಧ್ಯಾಹ್ನ ಬೆತ್ ಅಜ್ಜಿ ಆಸ್ಪತ್ರೆಯಿಂದ ಬರುವವರಿದ್ದರು.

ಅವರು ಲಂಡನ್ನಿನ ಕ್ರೋಯ್ಡನ್‌ನಲ್ಲಿ ನಮ್ಮ ಫ್ಲ್ಯಾಟಿನ ಎದುರುಬಾಗಿಲಿನವರು. ವೇಲ್ಸ್‌ನ ಸಣ್ಣದೊಂದು ಕಲ್ಲಿದ್ದಲು ಊರಿನ ಮಗಳು. ನಾವು ಬಂದ ವಾರವೇ ಎರಡೂ ಮನೆ ನಡುವಿನ ಪಡಸಾಲೆಯ ಗೋಡೆಗೆ ತಾವು ಹೊಡೆದಿದ್ದ ಹಲಗೆ ತೋರಿಸಿದ್ದರು. ನಾಲ್ಕು ಮೊಳೆ, ನಾಲ್ಕು ಬಿಲ್ಲೆ: ಒಂದು ಅವರದು, ಉಳಿದವು ನನ್ನದು, ಹೆಂಡತಿಯದು, ಮಗಳದು. ಹೊರಗೆ ಹೋಗುವಾಗ ಒಯ್ಯಬೇಕು, ಬಂದ ಮೇಲೆ ತೂಗುಹಾಕಬೇಕು. ಗಣಿಗಿಳಿಯುವವರ ಪದ್ಧತಿಯಂತೆ ಅದು. ಮೊಳೆ ಖಾಲಿ ಇದ್ದರೆ ಮನುಷ್ಯ ಇನ್ನೂ ಕೆಳಗೇ ಇದ್ದಾನೆ. ನಾನೋ ದಿನವಿಡೀ ಕಂಪ್ಯೂಟರ್ ಮುಂದೆ ಕೂರುವವನು. ನನ್ನ ಜೀವಕ್ಕಿರುವ ದೊಡ್ಡ ಅಪಾಯವೆಂದರೆ ಆಫೀಸು ಕ್ಯಾಂಟೀನಿನ ಸೂಪು. ಒಳಗೊಳಗೇ ನಕ್ಕಿದ್ದೆ.

ಒಂದು ಸಂಜೆ ಜ್ವರ ಬಂದು, ಬಿಲ್ಲೆಯನ್ನು ಜೇಬಿನಲ್ಲೇ ಬಿಟ್ಟು ಮಲಗಿಬಿಟ್ಟೆ. ಬಾಗಿಲು ಬಡಿದ ಸದ್ದಿಗೆ ಎದ್ದು ನೋಡಿದರೆ ಕೋಟು ತೊಟ್ಟು, ಟಾರ್ಚು ಹಿಡಿದ ಅಜ್ಜಿ. ನನ್ನನ್ನು ಹುಡುಕಿಕೊಂಡು ಸ್ಟೇಷನ್ನಿಗೆ ಹೊರಟಿದ್ದರು!

"ನಿನ್ನ ಬಿಲ್ಲೆ ಬಂದಿಲ್ಲ," ಎಂದರು.

ನಾನು ನಕ್ಕೆ. ಅವರು ಮೆಟ್ಟಿಲ ಮೇಲೆ ಕೂತರು. ಸದ್ದಿಗೆ ಎದ್ದ ಮಗಳೂ ನನ್ನ ಹಿಂದೆ ಬಂದು ನಿಂತಳು.

"ಅಜ್ಜ ಒಂದು ಸ್ಫೋಟದಲ್ಲಿ ಹೋದ್ರು, ಅಪ್ಪ ಇನ್ನೊಂದ್ರಲ್ಲಿ. ನನಗಾಗ ಆರು ವರ್ಷ. ದಿನಾ ಮೊಳೆಗಳೆಲ್ಲ ತುಂಬಿದ ಮೇಲೆ 'ಎಲ್ಲರೂ ಬಂದ್ರು' ಅಂತ ಒಬ್ಬ ಕೂಗ್ತಿದ್ದ. ಅವತ್ತು ಯಾರೂ ಕೂಗ್ಲಿಲ್ಲ."

ನನಗೆ ಅಷ್ಟು ನಾಚಿಕೆ ಹಿಂದೆಂದೂ ಆಗಿರಲಿಲ್ಲ. ಆಮೇಲೆ ನಾನು ಬಿಲ್ಲೆ ಮರೆತಿಲ್ಲ.

ಮೂರು ವಾರದ ಹಿಂದೆ ಅಜ್ಜಿ ಟ್ರಾಮ್ ಸ್ಟಾಪಿನಲ್ಲಿ ಬಿದ್ದು ಸೊಂಟ ಮುರಿದುಕೊಂಡರು. ಈ ವಯಸ್ಸಿಗೆ ಏನೂ ಹೇಳಲಾಗದು ಎಂದರು ಡಾಕ್ಟರು. ಮಗಳು ದಿನಾ ಶಾಲೆಗೆ ಹೋಗುವಾಗ ಆ ಖಾಲಿ ಮೊಳೆ ನೋಡಿ, "ವೆನ್ ಈಸ್ ಶೀ ಕಮಿಂಗ್?" ಎನ್ನುತ್ತಿದ್ದಳು. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರಿಸುವ ಹುಡುಗಿ ಅವಳು. ನಾನು ಸುಮ್ಮನಿರಲಾರದೆ, ವಾಕರ್ ಹಿಡಿದು ನಿಂತವರ ಕೈಗೆಟುಕುವಂತೆ ಹಲಗೆಯನ್ನು ಕೆಳಗಿಳಿಸಿ ಗೋಡೆಗೆ ಹೊಡೆದೆ.

ಮೂರು ಗಂಟೆಗೆ ಲಿಫ್ಟಿನ ಬಾಗಿಲು ತೆರೆಯಿತು. ಅಜ್ಜಿ ವಾಕರ್ ತಳ್ಳುತ್ತ ಬಂದು ಹಲಗೆಯನ್ನು ದಿಟ್ಟಿಸಿದರು.

"ಸೊಟ್ಟಗೆ ಹೊಡ್ದಿದ್ದೀಯ."

ಬ್ಯಾಗಿನಿಂದ ಬಿಲ್ಲೆ ತೆಗೆದರು. ಮೊದಲ ಸಲ ಅದು ಮೊಳೆ ತಪ್ಪಿತು, ನಾವು ಯಾರೂ ಕೈಹಾಕಲಿಲ್ಲ. ಎರಡನೇ ಸಲಕ್ಕೆ ಅದು ಮೊಳೆಗೆ ಸಿಕ್ಕಿತು.

ಮಗಳು ನಾಲ್ಕನ್ನೂ ಎಣಿಸಿದಳು. ಆಮೇಲೆ ಇಡೀ ಮಹಡಿಗೆ ಕೇಳುವಂತೆ, ಕನ್ನಡದಲ್ಲೇ, ಕೂಗಿದಳು:

"ಎಲ್ಲರೂ ಬಂದ್ರು!"