ಖಾರದ ಕೈ, ಅರ್ಥಶಾಸ್ತ್ರದ ಪೇಪರ್

“ನಿನ್ನ ಕಡಿಂದ ಡಿಗ್ರಿ ಆಗಂಗಿಲ್ಲ” ಎಂದವಳು ನನ್ನ ಸೋದರತ್ತೆ. ಬ್ಯಾಡಗಿಯ ಶೆಡ್ಡಿನಲ್ಲಿ ಮೆಣಸಿನಕಾಯಿ ರಾಶಿಯ ಮುಂದೆ ಕೂತು ಹೇಳಿದ್ದಳು. ನಾನೂ ಅವಳ ಪಕ್ಕದಲ್ಲೇ ಕಾಯಿಯ ತೊಟ್ಟು ಬಿಡಿಸುತ್ತಿದ್ದೆ. ಹಾವೇರಿಯ ಹಾಸ್ಟೆಲಿನಲ್ಲಿಟ್ಟು ಓದಿಸಿದ ತನ್ನ ಮಗನೇ ಅರ್ಧಕ್ಕೆ ಬಿಟ್ಟು ಬಂದ ಮೇಲೆ ಅವಳಿಗೆ ಓದಿನ ಮೇಲೇ ಸಿಟ್ಟು.

ಅವಳ ಮಾತು ಖರೆ ಮಾಡಲು ನಾನೇ ಹೊರಟೆ. ಕೊನೆಯ ವರ್ಷ, ವಾರದಿಂದ ಇವತ್ತೋ ನಾಳೆಯೋ ಎಂದು ಹೆದರಿಸುತ್ತಿದ್ದ ಮನೆಯ ಸಿಲಿಂಡರ್ ಅರ್ಥಶಾಸ್ತ್ರದ ಪರೀಕ್ಷೆಯ ದಿನವೇ ಖಾಲಿ. ಬಿಡಿಸಿದ ಕಾಯಿ ತೂಗಿಕೊಟ್ಟರೆ ಕೂಲಿ ಕೈಗೆ ಬರುತ್ತದೆ. ಒಂದು ಬುಟ್ಟಿ ಮುಗಿಸಿಯೇ ರಾಣೇಬೆನ್ನೂರಿನ ಬಸ್ಸು ಹತ್ತೋಣವೆಂದು ಕೂತುಬಿಟ್ಟೆ. ಆ ಕೈ ಸಂಜೆಯವರೆಗೂ ಉರಿಯುತ್ತದೆ ಎನ್ನುವುದು ಬ್ಯಾಡಗಿಯ ಕೂಸಿಗೂ ಗೊತ್ತು. ನನಗೆ ಮಾತ್ರ ಆ ಹೊತ್ತಿಗೆ ಹೊಳೆಯಲೇ ಇಲ್ಲ.

ಪರೀಕ್ಷೆಯ ಕೋಣೆಯಲ್ಲಿ ಸೆಕೆ. ಬೆವರು ಒರೆಸಿಕೊಂಡೆ ನೋಡಿ, ಎರಡೂ ಕಣ್ಣಿಗೆ ಬೆಂಕಿ ಬಿದ್ದಂತಾಯಿತು. ನಮ್ಮ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಎನ್ನುವವರು ಒಮ್ಮೆ ಆ ಕೈಯನ್ನು ಕಣ್ಣಿಗೆ ಹಚ್ಚಿಕೊಳ್ಳಲಿ. ಮೇಲ್ವಿಚಾರಕರು ನೀರು ತಂದುಕೊಟ್ಟು, “ಅಳಬ್ಯಾಡವಾ, ಪೇಪರ್ ಸರಳ ಐತಿ” ಎಂದರು. ಸರಳವೇ ಇತ್ತಂತೆ, ನನಗೆ ಕಂಡಿದ್ದರೆ ತಾನೇ! ನಪಾಸು.

ಅತ್ತೆ ಬೈಯಲಿಲ್ಲ, ಬಿದ್ದುಬಿದ್ದು ನಕ್ಕಳು. “ದಡ್ಡಿ ಅಲ್ಲ ನೀ. ತಲ್ಯಾಗ ಸಿಲಿಂಡರ್ ಕುಂತಿತ್ತು, ಪಾಠಕ್ಕ ಜಾಗಾ ಎಲ್ಲೈತಿ?”

ಮರುಪರೀಕ್ಷೆಯ ವಾರ ಅವಳೇ ತುಂಬಿದ ಸಿಲಿಂಡರನ್ನು ಆಟೋದಲ್ಲಿ ತಂದು ನಮ್ಮ ಅಡುಗೆಮನೆಯಲ್ಲಿ ಇಳಿಸಿದಳು. “ಪರೀಕ್ಷಾ ಮುಗಿಯೂತನಕ ಶೆಡ್ಡಿನ ಕಡೆ ಹಾಯ್ದಿ ಅಂದ್ರ ಕಾಲ್ ಮುರೀತೇನಿ.”

“ನಾ ಪಾಸಾದ್ರ ನಿನ್ನ ಮಾತು ಸುಳ್ಳಾಕ್ಕೈತಲ್ಲ ಅತ್ತಿ?”

“ಸುಳ್ಳಾಗ್ಲಿ ಅಂತನ ತಂದೇನಿ. ಬಾಯಿ ಮುಚ್ಚಕೊಂಡು ಓದು.”

ಅದೇ ತಲೆ, ಅದೇ ಪುಸ್ತಕ. ಹೋದ ಸಲ ಎಷ್ಟು ಓದಿದರೂ ಜಾರಿಹೋಗುತ್ತಿದ್ದ ಪುಟ ಈ ಸಲ ಒಂದೇ ಓದಿಗೆ ನಿಂತಿತು. ನನಗೇನು ಬುದ್ಧಿ ಹೆಚ್ಚಾಗಿರಲಿಲ್ಲ. ಸಂಜೆಯ ಒಲೆಯ ಚಿಂತೆ ತಲೆಯಿಂದ ಇಳಿದಿತ್ತು, ಅಷ್ಟೇ.

ಪಾಸಾದೆ. ನಮ್ಮ ಮನೆತನದ ಮೊದಲ ಪದವೀಧರೆ ನಾನು, ಹೇಳಿಕೊಳ್ಳಲು ಸಂಕೋಚವೇನಿಲ್ಲ.

ಪದವಿ ಪತ್ರ ಹಿಡಿದು, ಬಸ್ಸಿಳಿದು ನೇರ ಶೆಡ್ಡಿಗೇ ಹೋದೆ. ಕೊಡಲು ಹೋದರೆ ಅತ್ತೆ “ತಡಿ, ಖಾರದ ಕೈ” ಎಂದು ಕೈ ಹಿಂದಕ್ಕೆಳೆದುಕೊಂಡಳು. ಸೋಪು ಹಚ್ಚಿ ತೊಳೆದು, ಸೆರಗಿಗೆ ಒರೆಸಿ, ಎರಡೂ ಕೈಯಿಂದ ಇಸಿದುಕೊಂಡಳು. ಆಮೇಲೆ ಇಡೀ ಶೆಡ್ಡಿಗೆ ಕೇಳುವಂತೆ ಹೇಳಿದಳು:

“ಈಗ ಮತ್ತ ಹೇಳ್ತೇನಿ ಕೇಳು. ನಿನ್ನ ಕಡಿಂದ ಎಂ.ಎ. ಅಂತೂ ಆಗಂಗಿಲ್ಲ!”