ದ್ರಾಕ್ಷಿ ಸುಗ್ಗಿಯಲ್ಲಿ ಕುದ್ದ ಪಿಕಪ್

ಫ್ಯಾನ್ ಬೆಲ್ಟ್ ಸಡಿಲಾಗಿರಬಹುದು. ರೇಡಿಯೇಟರಿನ ಜಾಲಿಯಲ್ಲಿ ಧೂಳು ಕೂತಿರಬಹುದು. ವಾಟರ್ ಪಂಪ್ ಕೆಟ್ಟಿರಬಹುದು, ಪೈಪು ಸೀಳಿರಬಹುದು, ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಪಕ್ಕದ ತೋಟದವರ ಕಣ್ಣು ತಾಗಿರಬಹುದು. ಆ ದಿನಗಳಲ್ಲಿ, ಅಥಣಿ ಕಡೆಯ ನಮ್ಮ ದ್ರಾಕ್ಷಿ ತೋಟದ ಮನೆಯಲ್ಲಿ, ಪ್ರತಿಯೊಬ್ಬರ ಬಳಿಯೂ ಒಂದೊಂದು ಕಾರಣವಿತ್ತು. ಒಂಬತ್ತು ವರ್ಷದ ನನ್ನ ಬಳಿ ಎಲ್ಲ ಕಾರಣಗಳೂ ಇದ್ದವು. ಚಿಂತೆ ಮಾಡುವುದರಲ್ಲಿ ನಾನು ಆಗಲೇ ಮನೆಗೆ ಹಿರಿಯಳು.

ನಮ್ಮ ಹಳೆಯ ಪಿಕಪ್ ಹಣ್ಣು ಹೇರಿಕೊಂಡು ಮಣೂಕ, ಅಂದರೆ ಒಣದ್ರಾಕ್ಷಿ, ಮಾಡುವ ಶೆಡ್ಡಿಗೆ ಹೊರಟರೆ ಹತ್ತಿರದ ಅನಂತಪುರ ಹಳ್ಳಿ ದಾಟುವಷ್ಟರಲ್ಲಿ ಕುದಿಯುತ್ತಿತ್ತು. ಮುಂದೆ ಬಾನೆಟ್ಟಿನಿಂದ ಹಬೆ, ಹಿಂದೆ ಬಿಸಿಲಿಗೆ ಹುಳಿಯತೊಡಗಿದ ದ್ರಾಕ್ಷಿಯ ವಾಸನೆ. ಗಾಡಿ ಓಡಿಸುತ್ತಿದ್ದವನು ದಸ್ತಗೀರ ಮಾಮಾ, ನಾನು ಹುಟ್ಟುವ ಮೊದಲಿನಿಂದ ನಮ್ಮಲ್ಲಿದ್ದವನು. ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ. ಜಾಲಿಗೆ ನೀರು ಹೊಡೆದು ತೊಳೆದ. ಗಾಡಿಯ ಕೆಳಗೆ ಹಳೆಯ ಪೇಪರ್ ಹಾಸಿಟ್ಟ. ಒಂದು ಹನಿಯೂ ಬೀಳಲಿಲ್ಲ. ಆದರೂ ದಾರಿಯಲ್ಲಿ ನೀರು ಕಡಿಮೆಯಾಗುತ್ತಿತ್ತು.

ಮೂರನೆಯ ಸಲ ಕುದ್ದ ದಿನ ಅಪ್ಪ ಅಂಗಳದಲ್ಲೇ ಸಿಡಿದ.

"ಕಾದದ್ದ ಇಂಜಿನ್ ಅಲ್ಲೋ, ನಿನ್ನ ಕಾಲ. ಆಕ್ಸಲೇಟರ್ ಮ್ಯಾಲಿಂದ ಏಳೂದ ಇಲ್ಲ ಅದು."

"ಕಾಲ ಕಾದಿದ್ರ ನಾನ ಒಂದ ಚರಗಿ ನೀರ ಸುರ್ಕೊಂತಿದ್ನ್ರಿ ಅಣ್ಣಾರ."

ಅಪ್ಪ ನಗಲಿಲ್ಲ. "ನಾಳಿ ಮುಂಜಾನೆ ಕೀಲಿ ಕೊಟ್ಟ ಹೋಗ. ಬ್ಯಾರೆ ಡ್ರಾಯವರ್ ಬರ್ತಾನ."

ಅವತ್ತು ನನ್ನ ಪಟ್ಟಿಗೆ ಇನ್ನೊಂದು ಚಿಂತೆ ಸೇರಿತು. ಮಾಮಾ ಇಲ್ಲದ ಗಾಡಿಯಲ್ಲಿ ನನ್ನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಳ್ಳುವವರು ಯಾರು?

ಮುಂಜಾನೆ ಇಂಜಿನ್ ತಣ್ಣಗಿದ್ದಾಗ ರೇಡಿಯೇಟರಿಗೆ ನೀರು ತುಂಬುವ ಕೆಲಸ ನನ್ನದು. ನಮ್ಮದು ಜೈನರ ಮನೆ. ಕುಡಿಯುವ ನೀರಷ್ಟೇ ಅಲ್ಲ, ಗಾಡಿಗೆ ಹಾಕುವ ನೀರನ್ನೂ ಆಯಿ, ಅಂದರೆ ನಮ್ಮಜ್ಜಿ, ನೀಲಿ ಅಂಚಿನ ಬಟ್ಟೆಯಲ್ಲಿ ಸೋಸಿಯೇ ಕೊಡುತ್ತಿದ್ದಳು.

"ಸೋಸದ ನೀರಾಗ ಸಣ್ಣ ಸಣ್ಣ ಜೀವ ಇರ್ತಾವ ಪದ್ದಿ. ಇಂಜಿನ್ನಿನ್ಯಾಗ ಕುದ್ದ ಸತ್ರ ಪಾಪ ಯಾರಿಗೆ?"

ಯಾರಿಗೆ ಎಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಸುರಿದವಳಿಗೆ.

ಮರುದಿನ ಮಾಮಾ ಕೀಲಿ ಕೊಡಲು ಬಂದ. ಕೊಡುವ ಮೊದಲು ಇನ್ನೊಮ್ಮೆ ಬಾನೆಟ್ ಎತ್ತಿದ. ರೇಡಿಯೇಟರಿನ ಮುಚ್ಚಳದ ಸುತ್ತ ನೀರು ಹರಿದು ಒಣಗಿದ ಬಿಳಿ ಗೆರೆ ಕಂಡಿತು. ದಾರಿಯಲ್ಲಿ ಗೋಣಿಚೀಲ ಹಿಡಿದು ಗಡಿಬಿಡಿಯಲ್ಲಿ ತೆಗೆದು ಹಾಕುತ್ತಿದ್ದ ಆ ಮುಚ್ಚಳವನ್ನು ಮೊದಲ ಸಲ ಮಗುಚಿ ನೋಡಿದ. ಒಳಗಿನ ರಬ್ಬರಿಗೆ ಅಂಟಿದ್ದ ಬಟ್ಟೆಯ ಚೂರನ್ನು ಉಗುರಿನಿಂದ ಕಿತ್ತ. ಆಮೇಲೆ ನನ್ನನ್ನು ನೋಡಿದ.

"ಏನ ಸಿಕ್ತೋ?" ಅಪ್ಪ ಕಟ್ಟೆಯಿಂದ ಕೂಗಿದ.

"ಸ್ವಲ್ಪ ಪುಣ್ಯಾ ಸಿಕ್ತ್ರಿ ಅಣ್ಣಾರ. ಮುಚ್ಚಳಾ ಬಿಗಿ ಕುಂದ್ರಾಕ ಬಿಡವಲ್ದು, ನೀರೆಲ್ಲಾ ಹಬಿ ಆಗಿ ಹೋಗೇತಿ."

ಯಾರೂ ಕೇಳುವ ಮೊದಲೇ ನಾನು ಒಪ್ಪಿಕೊಂಡು ಅಳತೊಡಗಿದೆ. ಇವತ್ತಿಗೂ ಅದೇ ಅಭ್ಯಾಸ. ಅಪ್ಪ ಬಂದು ಆ ಚೂರಿನ ನೀಲಿ ಅಂಚು ನೋಡಿದ, ಆಯಿಯ ಕಡೆ ನೋಡಿದ, ಒಳಗೆ ಕೂಗಿ ಹೇಳಿದ: "ದಸ್ತಗೀರಗ ಚಾ ಇಡ್ರಿ." ಅವನಿಗೆ ಗೊತ್ತಿದ್ದ ಕ್ಷಮಾಪಣೆ ಅದೊಂದೇ. ಮಾಮಾ ಎರಡು ಕಪ್ ಕುಡಿದ. ಕೀಲಿ ಅವನ ಜೇಬಿನಲ್ಲೇ ಉಳಿಯಿತು.

ಈಗ ನನ್ನ ಕಾರಿನಲ್ಲಿ ಕೆಂಪು ದೀಪ ಹತ್ತಿದರೆ ಗ್ಯಾರೇಜಿನವರು ತಂತಿ ಸಿಕ್ಕಿಸಿ ಪರದೆ ಓದುತ್ತಾರೆ. ಮುಚ್ಚಳ ಮಗುಚಿ ನೋಡುವ ಮಾಮಾ ಇಲ್ಲ. ಇಂಜಿನ್ನಿಗೆ ಬೀಳುವ ಜೀವಕ್ಕಾಗಿ ಮರುಗುವ ಆಯಿಯೂ ಇಲ್ಲ. ನನ್ನ ಚಿಂತೆಯ ಪಟ್ಟಿ ಮಾತ್ರ ಇನ್ನಷ್ಟು ಉದ್ದವಾಗಿದೆ. ಅವತ್ತಿನ ಕಾರಣಗಳ ಪಟ್ಟಿಯಲ್ಲಿ ಇರದಿದ್ದದ್ದು ಒಂದೇ: ಸೋಸಿದ ಮೇಲೂ ದಾರಿಯಲ್ಲಿ ಯಾವ ಜೀವವಾದರೂ ಒಳಗೆ ಬಿದ್ದೀತೆಂದು ಹೆದರಿ, ಅವ್ವ ಉಪ್ಪಿನಕಾಯಿ ಭರಣಿಯ ಬಾಯಿಗೆ ಹಾಕುವಂತೆ, ನಾನೇ ಕತ್ತರಿಸಿ ಮುಚ್ಚಳದಡಿ ಸಿಕ್ಕಿಸಿದ್ದ, ಬಿಸ್ಕತ್ತಿನಷ್ಟು ಅಗಲದ ಬಟ್ಟೆ.