ಓಂಕಾರಪ್ಪ ಸರ್ ಅವರ ರಟ್ಟು

ಓಂಕಾರಪ್ಪ ಸರ್ ಪಾಠಕ್ಕೆ ಕೂತರೆ ಅವರ ಕೈಯಲ್ಲಿ ಒಂದು ರಟ್ಟು ಇರಲೇಬೇಕು. ಸೀರೆ ಡಬ್ಬಿಯ ಮುಚ್ಚಳ ಕತ್ತರಿಸಿ ಮಾಡಿಕೊಂಡದ್ದು. ಅಂಗಡಿಯ ಹೆಸರಿನ ಅರ್ಧ ಭಾಗ ಚಿನ್ನದ ಬಣ್ಣದಲ್ಲಿ ಇನ್ನೂ ಅದರ ಮೇಲೆ ಉಳಿದಿತ್ತು. ಅಂಚುಗಳು ಕೈ ಬೆವರಿಗೆ ಮೆತ್ತಗಾಗಿದ್ದವು. ಅಪಘಾತದ ವರದಿ ಯಾವುದೇ ಇರಲಿ, ಆ ರಟ್ಟನ್ನು ಹಾಳೆಯ ಮೇಲಿಟ್ಟು, ಒಂದು ಸಲಕ್ಕೆ ಒಂದೇ ಸಾಲು ಕಾಣುವಷ್ಟು ಕೆಳಕ್ಕೆ ಜಾರಿಸುತ್ತಿದ್ದರು. ಕೆಳಗೇನಿದೆಯೆಂದು ಇಣುಕಿದವರ ಬೆರಳ ಗಿಣ್ಣಿಗೆ ಅದೇ ರಟ್ಟಿನಿಂದ ಪಟ್ಟೆಂದು ಒಂದು ಏಟು.

“ಆವತ್ತು ಅಲ್ಲಿ ಕೂತಿದ್ದೋನಿಗೆ ಮುಂದಿನ ಸಾಲು ಕಾಣ್ತಿತ್ತೇನೋ? ನಿಂಗ್ಯಾಕೆ ಕಾಣ್ಬೇಕು?”

ಅದು ಅವರ ಪಾಠದ ಕ್ರಮ. ನಿಮಿಷ ನಿಮಿಷಕ್ಕೂ ಓದು ನಿಲ್ಲಬೇಕು. ಆ ಕ್ಷಣಕ್ಕೆ ಕಂಟ್ರೋಲ್ ರೂಮಿನಲ್ಲಿದ್ದವನಿಗೆ ಏನೇನು ತಿಳಿದಿತ್ತೋ ಅಷ್ಟನ್ನೇ ಇಟ್ಟುಕೊಂಡು, ನಾನಾಗಿದ್ದರೆ ಏನು ಮಾಡುತ್ತಿದ್ದೆ ಎಂದು ಚೀಟಿಯಲ್ಲಿ ಬರೆಯಬೇಕು. ತಿಳಿಯದಿದ್ದರೆ ‘ಗೊತ್ತಿಲ್ಲ’ ಎಂದು ಬರೆದು, ಗೊತ್ತಾಗುವವರೆಗೆ ಏನು ಮಾಡುತ್ತೇನೆ ಎಂಬುದನ್ನೂ ಬರೆಯಬೇಕು. ಎಲ್ಲರ ಚೀಟಿ ಬಂದ ಮೇಲೆ ರಟ್ಟು ಜಾರುತ್ತಿತ್ತು.

ಇಡೀ ಆಯುಷ್ಯವನ್ನು ಅಣು ರಿಯಾಕ್ಟರುಗಳ ಸುರಕ್ಷತೆಗೇ ಕೊಟ್ಟು, ನಿವೃತ್ತರಾದ ಮೇಲೆ ಹುಟ್ಟೂರು ಅಜ್ಜಂಪುರಕ್ಕೆ ಬಂದು ತಂಗಿ ಗಂಗಮ್ಮನವರ ಜೊತೆಗಿದ್ದರು. ನಮ್ಮ ಗೈಡ್ ಅವರ ಹಳೆಯ ಶಿಷ್ಯರು. ಹೊಸದಾಗಿ ಸಂಶೋಧನೆಗೆ ಸೇರಿದ ನಮ್ಮ ಆರು ಮಂದಿಯನ್ನು ರಜೆಯ ಆರು ವಾರ ಅವರ ನಡುಮನೆಗೆ ಅಟ್ಟಿದರು. ಹೋಗುವ ಮುಂಚೆಯೇ ಒಂದು ಸುದ್ದಿ ನಮ್ಮ ಕಿವಿಗೆ ಬಿದ್ದಿತ್ತು: ಕಡಲ ದಡದ ಒಂದು ದೊಡ್ಡ ಕೇಂದ್ರದಲ್ಲಿ, ನಿಜವಾದ ಕಂಟ್ರೋಲ್ ರೂಮಿನ ಪಡಿಯಚ್ಚಿನಂಥ ಕೋಣೆಯಲ್ಲಿ, ಯುವ ಸಂಶೋಧಕರಿಗೆ ಒಂದು ವರ್ಷದ ತರಬೇತಿ ಇದೆ, ಸರ್ ಯಾರ ಹೆಸರು ಬರೆಯುತ್ತಾರೋ ಅವರಿಗೆ ಸೀಟು. ಒಂದೇ ಹೆಸರು.

ಆ ಹೆಸರು ನನ್ನದೇ ಎಂಬುದರಲ್ಲಿ ನನಗೆ ಸಂಶಯವಿರಲಿಲ್ಲ. ಕಡೂರಿನ ಕಾಲೇಜಿನಿಂದ ಹಿಡಿದು ಹೋದ ಕಡೆಯೆಲ್ಲ ಚರ್ಚಾಸ್ಪರ್ಧೆಯ ಕಪ್ಪು ತಂದವನು ನಾನು. ಪರವಾದರೆ ಪರ, ವಿರೋಧವಾದರೆ ವಿರೋಧ; ಚೀಟಿ ಎತ್ತಿದ ಮೇಲೆ ಎರಡು ನಿಮಿಷ ಸಾಕು. ಮೊದಲ ದಿನವೇ ನಾನು ಎದ್ದು ನಿಂತು, “ಕೊನೆ ಗೊತ್ತಿರೋ ಕಥೆಯನ್ನ ಗೊತ್ತಿಲ್ಲದ ಹಾಗೆ ಓದೋದು ನಾಟಕ ಅಲ್ವಾ ಸರ್?” ಎಂದು ಕೇಳಿದೆ. ಸರ್ ಕನ್ನಡಕ ಹಣೆಗೇರಿಸಿ, “ಬಂದ್ರಪ್ಪ ವಕೀಲ್ರು” ಎಂದರು. ಅಂದಿನಿಂದ ನನ್ನ ಹೆಸರು ವಕೀಲ. ಅದನ್ನು ಮೆಚ್ಚುಗೆ ಎಂದುಕೊಂಡೆ.

ನನಗೆ ಅಡ್ಡ ಬಂದವಳು ಚೈತ್ರ. ದೇವನೂರಿನ ಬೇಸಾಯಗಾರರ ಮನೆಯ ಹುಡುಗಿ. ಅಲ್ಲಿಂದ ಬಸ್ಸಿನಲ್ಲಿ ಕಡೂರಿಗೆ ಬಂದು, ನಾನು ಹತ್ತುವ ರೈಲಿಗೇ ಹತ್ತುತ್ತಿದ್ದಳು. ದಾರಿಯುದ್ದಕ್ಕೂ ನಾನು ಮಾತಾಡುತ್ತಿದ್ದೆ, ಅವಳು ಕಿಟಕಿಯಾಚೆ ನೋಡುತ್ತಿದ್ದಳು. ಬೀರೂರು ದಾಟಿದ ಮೇಲೆ ಎಂದೋ ಒಂದು ಮಾತು: “ನೀನು ಆಗ್ಲೇ ಹೇಳಿದ್ದಕ್ಕೂ ಈಗ ಹೇಳಿದ್ದಕ್ಕೂ ತಾಳೆ ಆಗಲ್ವಲ್ಲ.” ಅಷ್ಟೇ. ಇಂಥವರನ್ನು ವೇದಿಕೆಯಲ್ಲಿ ಎದುರಿಸುವುದು ಸುಲಭ. ರೈಲಿನಲ್ಲಿ ಕಷ್ಟ.

ಎರಡನೇ ವಾರ ಸರ್ ನಮ್ಮನ್ನು ಊರ ಹೊರಗಿನ ಇಟ್ಟಿಗೆ ಗೂಡಿಗೆ ಕರೆದುಕೊಂಡು ಹೋದರು. ಬೆಂಕಿ ನಿಲ್ಲಿಸಿ ಮೂರು ದಿನವಾಗಿತ್ತಂತೆ. “ಕೈ ಇಡಿ ನೋಡಣ” ಎಂದರು. ಇಟ್ಟ ಕೈಯನ್ನು ಎಲ್ಲರೂ ಹಿಂದಕ್ಕೆಳೆದುಕೊಂಡೆವು. ರಿಯಾಕ್ಟರನ್ನು ನಿಲ್ಲಿಸಿದರೂ ಒಳಗಿನ ಬಿಸಿ ನಿಲ್ಲುವುದಿಲ್ಲ, ನೀರು ಅದನ್ನು ಹೊತ್ತೊಯ್ಯುತ್ತಲೇ ಇರಬೇಕು, ಇಲ್ಲದಿದ್ದರೆ ಇಂಧನವೇ ಕರಗುತ್ತದೆ ಎಂಬುದು ಅಂದಿನ ಪಾಠ. ನಾನು ಬಿಡಲಿಲ್ಲ.

“ಹೋಲಿಕೆ ತಪ್ಪು ಸರ್. ಇದು ಉಳಿದುಕೊಂಡ ಬಿಸಿ. ರಿಯಾಕ್ಟರಿನದು ನಿಲ್ಲಿಸಿದ ಮೇಲೂ ಒಳಗೇ ಹುಟ್ಟುವ ಬಿಸಿ. ಎರಡೂ ಒಂದೇ ಅಲ್ಲ.”

ಸರ್ ಮುಖ ಅರಳಿತು. “ಭೇಷ್. ತಪ್ಪೇ. ಹಂಗಾರೆ ಸರಿಯಾದ್ದು ಹೇಳು.”

ನನ್ನ ಬಳಿ ಸರಿಯಾದದ್ದು ಇರಲಿಲ್ಲ. ಖಂಡಿಸುವುದು ನನ್ನ ಕೆಲಸ. ಹಿಂದಿನಿಂದ ಚೈತ್ರಳ ದನಿ ಬಂತು.

“ನಮ್ಮನೆ ತಿಪ್ಪೆ ಥರ ಸರ್. ಯಾರೂ ಬೆಂಕಿ ಹಾಕಿರಲ್ಲ. ಆದ್ರೂ ಹಾರೆ ಚುಚ್ಚಿ ತೆಗುದ್ರೆ ಹಬೆ ಬತ್ತದೆ. ಒಳಗೇ ಹುಟ್ತಾ ಇರ್ತದೆ. ದಿನ ಹೋದಂಗೆ ಕಮ್ಮಿ ಆಯ್ತದೆ, ಆದ್ರೆ ನಿಲ್ಲು ಅಂದ್ರೆ ನಿಲ್ಲಲ್ಲ.”

ಸರ್ ಗೂಡಿನ ಮುಂದೆಯೇ ಚಪ್ಪಾಳೆ ತಟ್ಟಿದರು. “ಊರಿಗೆ ಬಂದಾಗಿಂದ ಈ ಗೂಡಿಗೆ ಜನ ಕರ್ಕಂಬಂದೆನಲ್ಲೋ, ಹಿತ್ತಲಲ್ಲೇ ಇದ್ದ ತಿಪ್ಪೆ ಕಾಣ್ಲಿಲ್ವಲ್ಲೋ!” ಮರುದಿನದಿಂದ ಅವರ ಬಾಯಲ್ಲಿ ಗೂಡು ಹೋಗಿ ತಿಪ್ಪೆ ಬಂತು. ತಿಪ್ಪೆಗೆ ದಾರಿ ಮಾಡಿಕೊಟ್ಟ ತಕರಾರು ನನ್ನದೆಂದು ಯಾರೂ ಹೇಳಲಿಲ್ಲ. ಆ ದಿನ ರೈಲಿನಲ್ಲಿ ನಾನು ಬೇರೆ ಡಬ್ಬಿ ಹತ್ತಿದೆ.

ಐದನೇ ವಾರಕ್ಕೆ ದೊಡ್ಡ ಪರೀಕ್ಷೆ ಇತ್ತು. ಅದಕ್ಕೆಂದು ಸರ್ ತಾವೇ ಒಂದು ಅಪಘಾತ ಕಟ್ಟಿದ್ದರು. ಯಾವ ದೇಶದಲ್ಲೂ ನಡೆಯದ್ದು, ಯಾವ ಪುಸ್ತಕದಲ್ಲೂ ಸಿಗದ್ದು. ಮೀಟರುಗಳ ನಕ್ಷೆಗಳಿದ್ದ ದೊಡ್ಡ ಹಾಳೆಗಳಿಗೆ ಜೆರಾಕ್ಸ್ ಮಾಡುವ ಯಂತ್ರ ತರೀಕೆರೆ ಬಸ್ ಸ್ಟ್ಯಾಂಡಿನ ಎದುರು ಮಾತ್ರ ಇತ್ತು. ನಾನು ಆ ಶನಿವಾರ ಅತ್ತೆಯ ಮನೆಗೆಂದು ತರೀಕೆರೆಗೆ ಹೋಗುವವನಿದ್ದೆ. ಸರ್ ಹಾಳೆಗಳನ್ನು ಕವರಿಗೆ ಹಾಕಿ ನನ್ನ ಕೈಗೇ ಕೊಟ್ಟರು. ಕವರಿಗೆ ಗೋಂದು ಹಚ್ಚಿರಲಿಲ್ಲ. “ವಕೀಲ್ರೆ, ಆರಾರು ಕಾಪಿ” ಎಂದಷ್ಟೇ ಹೇಳಿದರು.

ಅಂಗಡಿಯಲ್ಲಿ ಅಡಿಕೆ ಮಂಡಿಯವರ ರಶೀದಿಗಳು ಮುಂದಿದ್ದವು. ಕಾಯಬೇಕಾಯಿತು. ಕಾಯುತ್ತಾ ಓದಿದೆ. ಮೊದಲು ಒಂದು ಹಾಳೆ, ಆಮೇಲೆ ಕೊನೆಯ ಹಾಳೆ.

ಪರೀಕ್ಷೆಯ ದಿನ ಗೋಡೆ ಗಡಿಯಾರದ ಬದಲು ಹಾಳೆಯ ಗಡಿಯಾರ ನಡೆಯಿತು. ಹನ್ನೊಂದು ಗಂಟೆಗೆ ರಿಯಾಕ್ಟರ್ ನಿಂತಿತು. ಹನ್ನೊಂದೂ ಹತ್ತಕ್ಕೆ ತಣಿಸುವ ಪಂಪು ಶುರುವಾಯಿತು. ಹನ್ನೊಂದೂ ಇಪ್ಪತ್ತಕ್ಕೆ ಮೀಟರಿನ ಮುಳ್ಳು ಒಂದಿಷ್ಟು ನಡುಗಿತು, ಬೇರೇನೂ ಇಲ್ಲ. ರಟ್ಟು ನಿಂತಿತು. ಏನಾಗಿದೆ? ಏನು ಮಾಡುತ್ತೀರಿ?

ಚೈತ್ರ ಬರೆದದ್ದು: ‘ಗೊತ್ತಿಲ್ಲ. ಎರಡನೇ ಪಂಪು ಸಿದ್ಧ ಮಾಡಿಸುತ್ತೇನೆ. ಎರಡು ನಿಮಿಷ ಮುಳ್ಳನ್ನು ನೋಡುತ್ತೇನೆ.’

ನಾನು ಬರೆದದ್ದು: ‘ಪಂಪು ನೀರೆಳೆಯುವ ಕಡೆಯ ಜಾಲರಿಗೆ ಕಸ ಕಟ್ಟಿಕೊಂಡಿದೆ. ಕೂಡಲೇ ಪಂಪಿನ ವೇಗ ತಗ್ಗಿಸಬೇಕು.’

ಸರ್ ನನ್ನ ಚೀಟಿಯನ್ನು ಎರಡು ಸಲ ಓದಿದರು. “ಹೆಂಗ್ ಗೊತ್ತಾಯ್ತು ವಕೀಲ್ರೆ?”

“ಊಹೆ ಅಲ್ಲ ಸರ್, ತರ್ಕ” ಎಂದು ಶುರುಮಾಡಿದೆ. ಹದಿನೈದು ನಿಮಿಷ ಮಾತಾಡಿದೆ. ತೋಟದ ಪಂಪಿನ ಫುಟ್‌ವಾಲ್ವಿಗೆ ಎಲೆ ಕಟ್ಟಿಕೊಂಡಾಗ ಮೋಟರು ಹೇಗೆ ಮುಲುಗುತ್ತದೆ ಎನ್ನುವುದರಿಂದ ಹೊರಟು, ಒಂದೊಂದೇ ಕಾರಣವನ್ನು ಎತ್ತಿ ಎಸೆದು, ಜಾಲರಿಯ ಮುಂದೆ ಬಂದು ನಿಂತೆ. ಅಷ್ಟು ಚೆನ್ನಾಗಿ ನಾನು ಯಾವ ವೇದಿಕೆಯಲ್ಲೂ ಮಾತಾಡಿಲ್ಲ. ಹುಡುಗರು ಮೇಜು ಕುಟ್ಟಿದರು. ಸರ್, “ಚೆನ್ನಾಗ್ ಹೇಳ್ದೆ ಕಣೋ” ಎಂದು, ತಮ್ಮ ಉದ್ದನೆಯ ನೋಟ್‌ಬುಕ್ಕಿನಲ್ಲಿ ಏನೋ ಬರೆದುಕೊಂಡರು. ಆ ಬುಕ್ಕಿನಲ್ಲಿ ನಮಗೆ ಒಬ್ಬೊಬ್ಬರಿಗೆ ಒಂದೊಂದು ಪುಟವಿತ್ತು.

ಮರುದಿನ ಪಾಠವಿರಲಿಲ್ಲ. ಜೆರಾಕ್ಸಿನ ದುಡ್ಡಿನಲ್ಲಿ ಉಳಿದ ಚಿಲ್ಲರೆ ಕೊಡಲು ನಾನು ಅವರ ಮನೆಗೆ ಹೋಗಿದ್ದೆ. ನಿಜ ಹೇಳಬೇಕೆಂದರೆ ಸೀಟಿನ ಮಾತು ಎತ್ತುತ್ತಾರೇನೋ ನೋಡೋಣವೆಂದು ಹೋಗಿದ್ದೆ. ಅಷ್ಟರಲ್ಲಿ ಚೈತ್ರ ಬಂದಳು, ಧೂಳು ಮೆತ್ತಿದ ಮುಖ.

“ಸರ್, ನೆನ್ನೆ ಪರೀಕ್ಷೆ ಮುಗುದ್ಮೇಲೆ ಎಲ್ರಿಗೂ ಬಿಸಿ ಲೆಕ್ಕ ನಾನೇ ಮಾಡ್ಕೊಟ್ಟಿದ್ನಲ್ಲ, ಅದು ತಪ್ಪು. ಗಂಟೆ ಹಾಕ್ಬೇಕಾದ್ ಕಡೆ ನಿಮಿಷ ಹಾಕ್ಬಿಟ್ಟಿದೀನಿ. ಎಲ್ರೂ ಅದನ್ನೇ ಬರ್ಕಂಡವ್ರೆ.”

“ಇದನ್ನ ಹೇಳಕ್ಕೆ ದೇವನೂರಿಂದ ಬಂದ್ಯಾ? ಫೋನಿರ್ಲಿಲ್ವೇ?”

“ಲೆಕ್ಕ ತೋರಿಸ್ಬೇಕಿತ್ತಲ್ಲ ಸರ್.”

ಸರ್ ಒಳಗೆ ತಿರುಗಿ ಕೂಗಿದರು: “ಗಂಗೂ, ಒತ್ತುಶಾವಿಗೆ ಮಾಡೇ!” ಅಡುಗೆಮನೆಯಿಂದ ಗಂಗಮ್ಮನವರು, “ಯಾರಿಗಣ್ಣ ಹುಟ್ಟಿದ್ದಬ್ಬ?” ಎಂದರು. “ಹುಟ್ಟಿದ್ದಬ್ಬ ಅಲ್ಲ ಕಣೇ, ಒಂದ್ ತಪ್ಪು ಸಿಕ್ತು!”

ಆ ಶಾವಿಗೆಯನ್ನು ಲೆಕ್ಕ ಹಾಕುತ್ತಲೇ ತಿಂದೆ. ಲೆಕ್ಕ ತಪ್ಪಿದವಳಿಗೆ ಕಾಯಿಹಾಲು, ಸರಿ ಉತ್ತರ ಬರೆದವನಿಗೆ ನೆನ್ನೆ ಬರೀ ಕಾಫಿ. ಅವಳ ತಟ್ಟೆಗೆ ಗಂಗಮ್ಮನವರು ಎಷ್ಟು ಸೌಟು ಹಾಲು ಬಿಟ್ಟರು ಎಂಬುದನ್ನೂ ನೋಡಿದೆ. ಮೂರು. ನನಗೆ ಎರಡು.

ಆರನೇ ವಾರದ ಕೊನೆಗೆ ಸರ್ ತರಬೇತಿಗೆ ಹೆಸರು ಬರೆದು ಕಳಿಸಿದರು. ಚೈತ್ರ.

ಒಂದು ವಾರ ನಾನು ಯಾರ ಜೊತೆಯೂ ಮಾತಾಡಲಿಲ್ಲ. ಆಮೇಲೆ ಅಜ್ಜಂಪುರಕ್ಕೆ ಹೊರಟೆ. ಕಡೂರಿನಿಂದ ಅಲ್ಲಿಯವರೆಗೆ ರೈಲಿನಲ್ಲಿ ಕೂತು ಐದು ಅಂಶಗಳನ್ನು ಸಿದ್ಧಪಡಿಸಿಕೊಂಡೆ. ಸರ್ ಜಗಲಿಯಲ್ಲಿ ಕೂತಿದ್ದರು. ಏಳು ದಿನಕ್ಕೆ ಇಷ್ಟು ಇಳಿದುಹೋಗಿದ್ದಾರಲ್ಲ ಎನ್ನಿಸಿತು. ಆದರೆ ನಾನು ವಾದಕ್ಕೆ ಬಂದವನು, ಆರೋಗ್ಯ ವಿಚಾರಿಸಲಿಲ್ಲ.

“ಬಾರಪ್ಪ ವಕೀಲ. ಹೇಳು.”

ಒಂದು: ಅವಳು ಹೆಚ್ಚಿನ ಚೀಟಿಗಳಲ್ಲಿ ‘ಗೊತ್ತಿಲ್ಲ’ ಎಂದೇ ಬರೆದಿದ್ದಾಳೆ. ಎರಡು: ಲೆಕ್ಕದಲ್ಲಿ ತಪ್ಪಿದ್ದಾಳೆ. ಮೂರು: ನಾಲ್ಕು ಜನರ ಮುಂದೆ ಮಾತಾಡಲಾರಳು. ನಾಲ್ಕು: ತಿಪ್ಪೆಯ ಹೋಲಿಕೆ ಹುಟ್ಟಿದ್ದೇ ನನ್ನ ಆಕ್ಷೇಪದಿಂದ. ಸರ್ ಪ್ರತಿಯೊಂದಕ್ಕೂ ತಲೆದೂಗಿದರು. ಐದನೆಯದೇ ನನ್ನ ಬ್ರಹ್ಮಾಸ್ತ್ರ: ಹನ್ನೊಂದೂ ಇಪ್ಪತ್ತಕ್ಕೆ ಸರಿ ಉತ್ತರ ಬರೆದವನು ನಾನೊಬ್ಬನೇ. ಬಾಯಿ ತೆರೆದೆ. ಆ ವಾಕ್ಯ ಬರಲಿಲ್ಲ. ಬಂದದ್ದು ಬೇರೆ.

“ಜೆರಾಕ್ಸ್ ಅಂಗಡೀಲಿ ಓದ್ಬಿಟ್ಟಿದ್ದೆ ಸರ್.”

ಸರ್ ಕನ್ನಡಕ ಹಣೆಗೇರಿಸಿದರು. “ಅಲ್ಲಿ ಕೂರಕ್ಕೆ ಜಾಗ ಇಲ್ವಲ್ಲೋ. ನಿಂತ್ಕಂಡೇ ಓದುದ್ಯಾ?”

“ಹೂಂ.”

“ಹನ್ನೊಂದೂ ಇಪ್ಪತ್ತಕ್ಕೆ ಯಾರಿಗೂ ಗೊತ್ತಾಗ್ಬಾರ್ದು ಅಂತ್ಲೇ ಅದನ್ನ ಕಟ್ಟಿದ್ದು. ನಾಕು ಕಾರಣ ಒಂದೇ ಥರ ಕಾಣ್ಬೇಕು ಅಂತ ಮೂರು ವಾರ ಕೂತಿದ್ದೆ. ನಿನ್ ವಾದ ಕೇಳಿ ನಂಗೇ ಒಂದ್ ಗಳಿಗೆ ಡೌಟು ಬಂತು ಕಣೋ, ನಾನು ಕಟ್ಟಿದ್ದೇ ಸರಿ ಇಲ್ವೇನೋ ಅಂತ.”

“ಗೊತ್ತಿದ್ದೂ ಯಾಕ್ ಕೇಳ್ಲಿಲ್ಲ ಸರ್?”

“ಕೇಳುದ್ನಲ್ಲೋ. ಹೆಂಗ್ ಗೊತ್ತಾಯ್ತು ಅಂತ.”

ಆದರೂ ಹೊಟ್ಟೆಯೊಳಗಿನ ಕಿಚ್ಚು ಸುಮ್ಮನಿರಬೇಕಲ್ಲ. “ಹಾಗಾದ್ರೆ ಇದಕ್ಕೇ ನನ್ನ ಬಿಟ್ಟು ಅವಳ ಹೆಸರು ಬರೆದ್ರಾ?”

“ಆವತ್ತು ಸಾಯಂಕಾಲವೇ ಬಂದು ಹೇಳಿದ್ರೆ, ನಿಮ್ಮಿಬ್ರಲ್ಲಿ ಯಾರು ಅಂತ ನಾನು ಒದ್ದಾಡ್ಬೇಕಾಗಿತ್ತು” ಎಂದರು ಸರ್. “ನೀನು ನಂಗೆ ಆ ಕಷ್ಟನೇ ಕೊಡ್ಲಿಲ್ಲ. ಅಲ್ಲಿ ಪಂಪ್ ಮುಂದೆ ಕೂತೋನು ತಪ್ಪು ಮಾಡ್ಲಿ, ಪರ್ವಾಗಿಲ್ಲ, ಪಕ್ಕದೋನು ಸರಿ ಮಾಡ್ತಾನೆ. ಮುಚ್ಚಿಟ್ರೆ ಪಕ್ಕದೋನು ಏನ್ ನೋಡಿ ಸರಿ ಮಾಡ್ಬೇಕು?”

ಒಳಗಿನಿಂದ ನೋಟ್‌ಬುಕ್ಕು ತರಿಸಿ, ನನ್ನ ಪುಟ ತೆರೆದು ನನ್ನ ಮಡಿಲ ಮೇಲಿಟ್ಟರು. ಹನ್ನೊಂದೂ ಇಪ್ಪತ್ತರ ಎದುರಿಗೆ, ‘ಸರಿ ಉತ್ತರ. ಹೇಗೆ?’ ಎಂದಿತ್ತು. ಕೆಳಗೆ ಒಂದು ಸಾಲು ಖಾಲಿ ಬಿಟ್ಟಿದ್ದರು. ಅದರ ಕೆಳಗೆ ಉಳಿದ ದಿನಗಳ ಟಿಪ್ಪಣಿ ಮುಂದುವರಿದಿತ್ತು. ಪೆನ್ನು ನನ್ನ ಕೈಗೆ ಕೊಟ್ಟರು.

“ಬರಿ. ಇವತ್ತಿನ ಟೈಮ್ ಹಾಕು. ಆವತ್ತಿಂದಲ್ಲ.”

ಬರೆದೆ. ನಾಲ್ಕೂ ಹತ್ತು; ತರೀಕೆರೆಯಲ್ಲಿ ಮುಂಚೆಯೇ ಓದಿದ್ದೆ. ನನ್ನ ಅಕ್ಷರ ಅಷ್ಟು ಕೆಟ್ಟದಾಗಿ ಎಂದೂ ಬಂದಿರಲಿಲ್ಲ. ಬರೆದು ಮುಗಿಸಿದಾಗ ಪುಟದ ತುದಿಯಿಂದ ಮುಂದಿನ ಪುಟದ ಮೇಲಿನ ಹೆಸರು ಇಣುಕುತ್ತಿತ್ತು. ಚೈತ್ರ. ಅವಳ ಬಗ್ಗೆ ಏನು ಬರೆದಿದ್ದಾರೆ? ಎಷ್ಟು ಬರೆದಿದ್ದಾರೆ? ನನಗಿಂತ ಹೆಚ್ಚು ಸಾಲುಗಳೇ? ನನ್ನ ಬೆರಳು ಹಾಳೆಯ ಮೂಲೆಗೆ ಹೋಯಿತು.

ಪಟ್ಟೆಂದು ಗಿಣ್ಣಿನ ಮೇಲೆ ರಟ್ಟು ಬಿತ್ತು.

“ಲೇ!” ಎಂದರು ಸರ್, ನಗುತ್ತಾ. ನಕ್ಕದ್ದೇ ಕೆಮ್ಮಾಯಿತು. ಗಂಗಮ್ಮನವರು ನೀರು ತಂದರು. ನಾನು ಸಂಜೆಯ ರೈಲಿಗೆ ಹೊರಟೆ.

ಅದೇ ಕೊನೆಯ ಭೇಟಿ. ಚೈತ್ರಳ ತರಬೇತಿ ಅರ್ಧವಾಗಿದ್ದಾಗ ಸರ್ ತೀರಿಕೊಂಡರು. ಅವಳು ಕಡಲ ದಡದಿಂದ ಬಂದಳು, ಮೂಲೆಯಲ್ಲಿ ಕೂತು ಅತ್ತಳು. ಅಲ್ಲೂ ನಾನು ಗಮನಿಸಿದೆ, ಗಂಗಮ್ಮನವರು ಅವಳ ತಲೆಯನ್ನೇ ಮೊದಲು ಸವರಿದರು.

ಈಗ ಕಿರಿಯ ಸಂಶೋಧಕರು ಬಂದರೆ ನಮ್ಮ ಗೈಡ್ ನನ್ನ ಬಳಿಗೂ ಕಳಿಸುತ್ತಾರೆ. ನಾನೂ ಒಂದು ರಟ್ಟು ಕತ್ತರಿಸಿಕೊಂಡಿದ್ದೇನೆ. ವರ್ಷಕ್ಕೊಮ್ಮೆ ಅಜ್ಜಂಪುರಕ್ಕೆ ಹೋಗಿ ಗಂಗಮ್ಮನವರನ್ನು ನೋಡಿ ಬರುತ್ತೇನೆ. ಆ ಉದ್ದನೆಯ ನೋಟ್‌ಬುಕ್ಕು ನಡುಮನೆಯ ಗೋಡೆಯ ಗೂಡಿನಲ್ಲಿ, ದೀಪದ ಎಣ್ಣೆಯ ಬಾಟಲಿಯ ಪಕ್ಕದಲ್ಲೇ ಇದೆ. ಅವರು ಕಾಫಿ ತರಲು ಒಳಗೆ ಹೋದರೆ ಕೈಗೆಟುಕುವಷ್ಟು ಹತ್ತಿರ. ಪ್ರತಿಸಲವೂ ನನ್ನ ಕಣ್ಣು ಅಲ್ಲಿಗೇ ಹೋಗುತ್ತದೆ, ಗಿಣ್ಣು ಚುರುಕ್ಕೆನ್ನುತ್ತದೆ.

ಚೈತ್ರಳ ಪುಟದಲ್ಲಿ ಏನಿದೆ?

ಗೊತ್ತಿಲ್ಲ.